ನಾಲ್ಕನೆಯ ಕೀಲಿ

ಚಾಚಿಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಾಜಿನ ಗೀರುಗಳು ಒಂದರ ಮೇಲೊಂದು ಬಿದ್ದು, ಅಲ್ಲಿನ ತೊಗಲು ಹಳೆಯ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿತ್ತು. ಅಷ್ಟು ಒರಟು ಕೈ. ನಮ್ಮ ಕೈ ಹಿಡಿದಾಗ ಮಾತ್ರ ಆ ಒರಟುತನ ಎಲ್ಲಿ ಹೋಗುತ್ತಿತ್ತೋ ತಿಳಿಯದು. ನಾಲ್ಕು ಬೆರಳು ಕೂಡಿಸಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಬಳೆಯನ್ನು ಮೆಲ್ಲಗೆ ಗೆಣ್ಣಿನವರೆಗೆ ತರುತ್ತಿದ್ದಳು. ಅಲ್ಲಿಂದ ಮುಂದೆ ದಾಟಿಸುವುದೇ ಕಷ್ಟ. ಸರಿಯಾಗಿ ಅಲ್ಲಿಗೆ ಬಂದಾಗ ಒಂದು ಪ್ರಶ್ನೆ ಕೇಳುತ್ತಿದ್ದಳು.

“ನಿಮ್ಮ ಎಮ್ಮಿ ಈದೈತಂತಲ್ಲ, ಹೆಣ್ಣಗರೊ ಗಂಡಗರೊ?”

ನಾವು ನೆನಪು ಮಾಡಿಕೊಂಡು ‘ಹೆಣ್ಣು’ ಎನ್ನುವಷ್ಟರಲ್ಲಿ ಬಳೆ ಮುಂಗೈಗೆ ಬಂದು ಕೂತಿರುತ್ತಿತ್ತು. ನೋವಾದದ್ದು ಗೊತ್ತಾಗುತ್ತಿರಲಿಲ್ಲ. “ಬಳಿ ಏರೂದು ಕೈಯಿಂದ ಅಲ್ಲವ್ವ, ಮಾತಿಂದ. ಕೈ ತನ್ನ ತಾ ಮರತ್ರ ಬಳಿ ತಾನ ಏರತೈತಿ” ಎನ್ನುತ್ತಿದ್ದಳು. ತೊಡಿಸುವಾಗ ಒಡೆದ ಬಳೆಯ ನಷ್ಟ ಬಳೆಗಾರರ ಪಾಲಿಗೆ ಎಂಬುದು ನಮ್ಮ ಕಡೆಯ ಕಟ್ಟಳೆ. ಆಕೆಯ ಕೈಯಲ್ಲಿ ಬಳೆ ಒಡೆದದ್ದನ್ನು ನಾನಂತೂ ಕಂಡಿಲ್ಲ. ಊರ ಹೆಣ್ಣುಮಕ್ಕಳೆಲ್ಲ ಆಕೆಯನ್ನು ಚಾಚಿ ಎಂದೇ ಕರೆಯುತ್ತಿದ್ದೆವು. ಹೆಗಲ ಮೇಲೆ ಬಳೆಯ ಮಲಾರ, ಕಂಕುಳಲ್ಲಿ ಒಂದು ಚೀಲ, ಬಾಯಲ್ಲಿ ಎಲೆಯಡಿಕೆ. ಜಾತಿ ನೋಡಿ ಹೊಸ್ತಿಲಲ್ಲೇ ನಿಲ್ಲಿಸುವ ಮನೆಗಳಲ್ಲೂ ಆಕೆ ಸೀದಾ ನಡುಮನೆಗೆ ಹೋಗಿ ಕೂಡುತ್ತಿದ್ದಳು. ಕೂತ ಮೇಲೆ ಏಳಿಸುವ ಧೈರ್ಯ ಯಾರಿಗೂ ಇರಲಿಲ್ಲ.

ನಮ್ಮೂರು ಇಂಡಿ ತಾಲೂಕಿನಲ್ಲಿ, ಅಗರಖೇಡದ ಆಚೆ, ಭೀಮಾ ನದಿಯ ದಂಡೆಗೆ ಅಂಟಿಕೊಂಡ ಸಣ್ಣ ಊರು. ಹೆಸರು ಬರೆಯುವುದಿಲ್ಲ. ಬರೆದರೆ ವಾಡೆಯ ಗೌಡರು ಇವತ್ತೇ ಬಸ್ಸು ಹತ್ತಿ ನನ್ನ ಮನೆಗೆ ಬರುತ್ತಾರೆ. ಊರ ನಡುವಿನ ದಿನ್ನೆಯ ಮೇಲೆ ಅವರ ವಾಡೆ. ಕರಿಕಲ್ಲಿನ ಗೋಡೆ, ಎತ್ತಿನ ಬಂಡಿ ತಿರುಗುವಷ್ಟು ಅಂಗಳ, ಸಾಗವಾನಿ ಕಂಬಗಳ ಪಡಸಾಲೆ, ಆನೆ ಹೋಗುವಂಥ ಬಾಗಿಲು. ಆನೆ ನಮ್ಮೂರಿಗೆ ಎಂದೂ ಬಂದಿಲ್ಲ, ಆ ಮಾತು ಬೇರೆ. ಬಂದದ್ದು ಹೊಳೆ. ಹೊಳೆ ಏರಿ ಹನುಮಪ್ಪನ ಗುಡಿಯ ಕಟ್ಟೆಗೆ ನೀರು ಮುಟ್ಟಿತೆಂದರೆ ವಾಡೆಯ ಬಾಗಿಲು ತೆರೆಯಬೇಕು. ಯಾರೂ ಕೇಳುವ ಹಾಗಿಲ್ಲ, ಯಾರೂ ಬೇಡ ಎನ್ನುವ ಹಾಗಿಲ್ಲ. ದನಕರು ಅಂಗಳಕ್ಕೆ, ಮಂದಿ ಪಡಸಾಲೆಗೆ. ಆವತ್ತಿನ ಮೊದಲ ಒಲೆಯನ್ನು ಗೌಡರ ಮನೆಯ ಸೊಸೆಯೇ ಹೊತ್ತಿಸಬೇಕು. ‘ಹೊಳಿ ಬಂದ್ರ ವಾಡೆ ಎಲ್ಲಾರದು’ ಎನ್ನುವುದು ನಮ್ಮಲ್ಲಿ ಗಾದೆಯೇ ಆಗಿತ್ತು.

ಆಮೇಲೆ ಮೂವರು ಅಣ್ಣತಮ್ಮಂದಿರ ಕಾಲ ಬಂತು. ಹೊಲ ಹಂಚಿಕೊಂಡರು, ಬಾವಿಯ ಪಾಳಿ ಹಂಚಿಕೊಂಡರು, ವಾಡೆಯನ್ನು ಹಂಚಲು ಮಾತ್ರ ಬರಲಿಲ್ಲ. ಹಿರಿಯರು ಇಂಡಿಗೆ, ನಡುವಿನವರು ಸಿಂದಗಿಗೆ, ಕಿರಿಯರು ಮುದ್ದೇಬಿಹಾಳಕ್ಕೆ ಹೋಗಿ ಮನೆ ಮಾಡಿದರು. ಹೋಗುವಾಗ ಹಿರಿಯರು ಬಾಗಿಲಿನ ಎರಡು ಕಬ್ಬಿಣದ ಉಂಗುರಗಳಲ್ಲಿ ಸರಪಳಿ ಪೋಣಿಸಿ, ಅದರ ಎರಡೂ ತುದಿ ಕೂಡಿಸಿ ಒಂದು ಕೀಲಿ ಜಡಿದರು. ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತೇವೆ. ಅದನ್ನು ನೋಡಿ ನಡುವಿನವರು ಅದೇ ಎರಡು ತುದಿಗೆ ತಮ್ಮದೊಂದು ಜಡಿದರು. ಅದನ್ನು ನೋಡಿ ಕಿರಿಯರು ಸುಮ್ಮನಿರಲು ಅವರೇನು ಬೇರೆ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರೇ? ಹೀಗೆ ಮೂರು ಕೀಲಿಗಳಾದವು. ಮೂವರೂ ಒಟ್ಟಿಗೆ ಬಂದು ಮೂರನ್ನೂ ತೆಗೆದರೆ ಮಾತ್ರ ಬಾಗಿಲು. ಮೂವರು ಒಟ್ಟಿಗೆ ಬರುವಷ್ಟು ಸರಿಯಿದ್ದರೆ ಕೀಲಿಯೇ ಬೇಕಿರಲಿಲ್ಲ. ಒಮ್ಮೆ ಸಿಂದಗಿ ಗೌಡರು ಅಜ್ಜನ ತೂಗುಮಂಚ ಒಯ್ಯಲೆಂದು ಟ್ರ್ಯಾಕ್ಟರ್ ತಂದರು. ತಮ್ಮ ಕೀಲಿ ತೆಗೆದರು, ಉಳಿದ ಎರಡನ್ನು ನೋಡುತ್ತ ಚಹಾ ಕುಡಿದರು, ಮತ್ತೆ ತಮ್ಮ ಕೀಲಿ ಹಾಕಿ ಖಾಲಿ ಟ್ರ್ಯಾಕ್ಟರ್ ತೆಗೆದುಕೊಂಡು ಹೋದರು.

ನಾನು ಪಿಯುಸಿ ಓದುತ್ತಿದ್ದ ವರ್ಷ ಮಹಾರಾಷ್ಟ್ರದ ಡ್ಯಾಮಿನಿಂದ ನೀರು ಬಿಟ್ಟರು. ಹೊಳೆ ಹನುಮಪ್ಪನ ಕಟ್ಟೆ ಮುಟ್ಟಿತು, ಜನ ರೂಢಿಯಂತೆ ವಾಡೆಯ ಮುಂದೆ ಬಂದು ನಿಂತರು. ಬಾಗಿಲಿಗೆ ಮೂರು ಕೀಲಿ. ಹುಡುಗರು ಹಾರೆ ತಂದರು. ಅವರನ್ನು ತಡೆದವನು ಚಾಚಿಯ ಗಂಡ. ಆತನೂ ಬಳೆ ಮಾರುವವನೇ, ದಮ್ಮಿನ ಕಾಯಿಲೆಯ ಮನುಷ್ಯ, ಸಂಭಾವಿತ. “ಒಡೀಬ್ಯಾಡ್ರೋ. ಮೂರೂ ಕಡಿಂದ ಕೇಸ್ ಬೀಳ್ತಾವ. ನಾಳಿ ಅವರ ಮನಿ ಕಟ್ಟಿ ಏರಬೇಕು ನಾವು” ಎಂದ. ಹುಡುಗರು ಹಾರೆ ಇಳಿಸಿದರು. ಇಡೀ ಊರು ವಾಡೆಯ ಹೊರಗಿನ ಕಟ್ಟೆಯ ಮೇಲೆ ತಲೆಯ ಮೇಲೆ ತಾಡಪತ್ರಿಯ ಹೊದಿಕೆ ಹಿಡಿದುಕೊಂಡು ಮಳೆಯಲ್ಲಿ ಕೂತಿತು. ಆತ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಕೆಮ್ಮಿದಾಗೆಲ್ಲ ಆ ಮೂರು ಕೀಲಿಗಳು ಅಲುಗಾಡುತ್ತಿದ್ದವು. ನೀರು ಇಳಿದ ವಾರದಲ್ಲೇ ಆತ ತೀರಿಕೊಂಡ.

ಚಾಚಿ ಅತ್ತದ್ದನ್ನು ನೋಡಿದೆ. ಆದರೆ ಗೌಡರನ್ನು ಬೈದದ್ದನ್ನು ಕೇಳಲಿಲ್ಲ. ನನಗೆ ಸಿಟ್ಟು ಬಂದಿತ್ತು. ನಾನೇ ಅಂದೆ: “ಅವತ್ತ ಕೀಲಿ ಒಡದಿದ್ರ ಚಾಚಾ ಉಳೀತಿದ್ದ.”

“ಒಡಿಯೂದು ನಮ್ಮ ಕಸಬಲ್ಲವ್ವ” ಅಂದಳು. “ಏರಸೂದು ನಮ್ಮ ಕಸಬು. ಇನ್ನೊಮ್ಮಿ ಹೊಳಿ ಬಂದಾಗ ಈ ಬಾಗಲಾ ತೆರೀತೈತಿ. ನಾ ತೆರಸ್ತೇನಿ.”

ಆವತ್ತಿನಿಂದ ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಚಾಚಿ ಮಲಾರ ಹೊತ್ತು ಮೂರು ಊರು ತಿರುಗತೊಡಗಿದಳು. ಇಂಡಿ ಹತ್ತಿರ, ಸಿಂದಗಿ ಒಂದು ಬಸ್ಸು, ಮುದ್ದೇಬಿಹಾಳ ದೂರ. ಅಷ್ಟರಲ್ಲಿ ನನ್ನ ಮದುವೆಯಾಗಿ ನಾನು ಬಸವನ ಬಾಗೇವಾಡಿಗೆ ಬಂದಿದ್ದೆ. ಮುದ್ದೇಬಿಹಾಳಕ್ಕೆ ಹೋಗುವಾಗ ಮನಗೂಳಿಯ ಮೇಲಿಂದ ಬಂದು, ತಿರುಗಿ ಬರುವಾಗ ಮತ್ತೊಮ್ಮೆ, ನಮ್ಮ ಮನೆಯಲ್ಲಿ ಇಳಿಯುತ್ತಿದ್ದಳು. ನನ್ನ ಅತ್ತೆ, ಓರಗಿತ್ತಿ, ಪಕ್ಕದ ಮನೆಯವರು ಎಲ್ಲರಿಗೂ ಬಳೆ ತೊಡಿಸಿ, ಎಲೆಯಡಿಕೆ ಹಾಕಿಕೊಂಡು ವರದಿ ಕೊಡುತ್ತಿದ್ದಳು. ಮೂವರು ಗೌಡರ ಹತ್ತಿರವೂ ಆಕೆ ಕೇಳುತ್ತಿದ್ದದ್ದು ಒಂದೇ, ಹೊಳೆ ಬಂದಾಗ ಬಾಗಿಲು ತೆಗೆಯಲು ಕೀಲಿಕೈ ಊರಲ್ಲಿ ಇಡಿ ಎಂದು. ಮೂವರೂ ಕೊಡುತ್ತಿದ್ದ ಉತ್ತರ ‘ಅವರಿಬ್ಬರು ಮೊದಲು ಕೊಡಲಿ, ಆಮೇಲೆ ನಾನು.’

“ಆ ಅಣ್ಣತಮ್ಮರು ಯಾವ ಮಾತಿಗೂ ಕೂಡೂದಿಲ್ಲ ಅಂತಾರ ಮಂದಿ. ಸುಳ್ಳು. ಈ ಒಂದು ಮಾತಿಗೆ ಮೂವರೂ ಕೂಡ್ಯಾರ” ಎಂದು ನಗುತ್ತಿದ್ದಳು.

“ಸಾಕ ಬಿಡು ಚಾಚಿ, ವಯಸ್ಸಾತು. ಅವರು ಕೊಡಂಗಿಲ್ಲ” ಅಂದೆ ಒಂದು ವರ್ಷ. ಆ ಸಲ ಮುದ್ದೇಬಿಹಾಳದಲ್ಲಿ ಕಿರಿಯ ಗೌಡರು ಕುಡಿಯಲು ನೀರನ್ನೂ ಕೇಳದೆ ಕಳಿಸಿದ್ದರು.

ಚಾಚಿ ನನ್ನನ್ನೇ ಗುರಾಯಿಸಿದಳು. “ಏನ್ ಬಿಡೂದು? ಒಂದು ಸಲಕ್ಕ ಏರಲಿಲ್ಲಂತ ಬಳಿ ಬಿಸಾಕ್ತೇನೇನ? ಕೈಗೆ ಸಬಕಾರ ಹಚ್ಚಿ ಮತ್ತ ಏರಸ್ತೇನಿ. ನಾ ಗಂಡಸರ ಕೈ ಹಿಡದದ್ದ ತಪ್ಪಾತು. ನಾ ಬಳಿಗಾರ್ತಿ. ನನ್ನ ದಾರಿ ಹೆಣ್ಣಮಕ್ಕಳ ಕೈಯಾಗೈತಿ.”

ಕೀಲಿಕೈಗಳು ಇದ್ದದ್ದು ಮೂವರು ಗೌಡರ ಹೆಂಡಂದಿರ, ಎಂದರೆ ವಾಡೆಯ ಸೊಸೆಯಂದಿರ, ಸೊಂಟದಲ್ಲಿ. ಮದುವೆಯಾದಾಗ ಮೂವರಿಗೂ ಹಸಿರು ಬಳೆ ಇಟ್ಟವಳು ಚಾಚಿ. ಅಣ್ಣತಮ್ಮಂದಿರು ಮಾತು ಬಿಟ್ಟ ಮೇಲೆ ಓರಗಿತ್ತಿಯರೂ ಬಿಡಬೇಕಾಯಿತು, ಅವರ ಮನಸ್ಸಿಗೆ ಅದು ಬಂದಿತ್ತೋ ಇಲ್ಲವೋ ಯಾರೂ ಕೇಳಿರಲಿಲ್ಲ. ಚಾಚಿ ಕೇಳಿದಳು. ಮರುವರ್ಷ ಮೂರು ಮನೆಗೂ ಹೋಗಿ ಒಂದೇ ಮಾತು ಹೇಳಿಬಂದಳು: ಈ ಸಲ ಪಂಚಮಿ ಬಳೆಯನ್ನು ಯಾರ ಮನೆಗೂ ತಂದು ಇಡುವುದಿಲ್ಲ. ನನ್ನ ಕೈಯ ಬಳೆ ಬೇಕೆಂದವರು ವಾಡೆಯ ಬಾಗಿಲಿಗೆ ಬರಬೇಕು. ಬರುವಾಗ ಬರೀ ಸೊಂಟದಲ್ಲಿ ಬರಬಾರದು.

ನಾಗರ ಪಂಚಮಿಗೆ ಚಾಚಿಯ ಬಳೆ ಇಲ್ಲದೆ ಇರುವುದೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೋಳಿಗೆ ಇಲ್ಲದ ಹಬ್ಬ. ಮೂವರೂ ಬಂದರು, ಗಂಡಂದಿರಿಗೆ ತವರಿಗೆ ಹೋಗುತ್ತೇವೆಂದು ಹೇಳಿ. ನಾನು ತುಂಬಿದ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ನಾನೂ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಮೂವರು ಓರಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಚಾಚಿ ಮೂವರ ಕೈಗಳನ್ನೂ ಒಂದೇ ಸಲ ತನ್ನ ಮಡಿಲಿಗೆ ಎಳೆದುಕೊಂಡು, “ಯಾರ ಕೈ ಹೆಚ್ಚ ಒರಟ ಆಗೈತಿ ನೋಡೂಣು” ಅಂದಳು. ಮೊದಲು ನಕ್ಕವರು ಕಿರಿಯರು. ಆಮೇಲೆ ಮೂವರೂ ನಕ್ಕರು, ಹಿರಿಯರು ಅತ್ತರು. ಮೂರೂ ಕೀಲಿ ತೆರೆದವು. ಒಳಗಿನ ಬಾವಲಿ ಹಿಕ್ಕೆ ಗುಡಿಸಿ, ತೊಲೆಗೆ ಹಗ್ಗ ಕಟ್ಟಿ ಸಂಜೆಯವರೆಗೆ ಜೋಕಾಲಿ ಆಡಿದರು. ಆ ವಯಸ್ಸಿನಲ್ಲಿ ಅವರು ಜೀಕಿದ್ದು ನೋಡಿ ನನಗೆ ಹೊಟ್ಟೆ ಹಿಡಿದುಕೊಂಡು ನಗುವಂತಾಯಿತು, ಹಿಡಿದುಕೊಳ್ಳಲು ಹೊಟ್ಟೆಯೂ ಸಾಕಷ್ಟಿತ್ತು.

ಹೊರಡುವ ಹೊತ್ತಿಗೆ ಬಾಗಿಲು ಹಾಕಿ ಸರಪಳಿ ಪೋಣಿಸಿದರು. ಆಗ ಚಾಚಿ ಮೂರೂ ಕೀಲಿಗಳನ್ನು ಕೈಗೆ ತೆಗೆದುಕೊಂಡಳು. ಹಿರಿಯರ ಕೀಲಿಯನ್ನು ಸರಪಳಿಯ ಒಂದು ತುದಿಗೆ ಹಾಕಿಸಿದಳು, ಎರಡೂ ತುದಿಗಲ್ಲ. ನಡುವಿನವರದನ್ನು ಹಿರಿಯರ ಕೀಲಿಯ ಕೊಂಡಿಯೊಳಗೆ. ಕಿರಿಯರದನ್ನು ನಡುವಿನವರ ಕೊಂಡಿಗೂ ಸರಪಳಿಯ ಇನ್ನೊಂದು ತುದಿಗೂ. ಬಳೆಯೊಳಗೆ ಬಳೆ ಸಿಕ್ಕಿಸಿದಂತೆ ಮೂರೂ ಸಾಲಾಗಿ ತೂಗಿದವು.

“ಈಗ ಯಾರ ಕೀಲಿ ತಗದ್ರೂ ಸರಪಳಿ ಬಿಚ್ಚತೈತಿ. ಒಬ್ಬರ ಬಂದ್ರ ಸಾಕು. ಉಳದವರ ಕೀಲಿ ಹಾಕಿದ್ದು ಹಾಕಿದಂಗ ಇರ್ತಾವ” ಅಂದಳು. “ಗಂಡಸರಿಗೆ ಹೇಳೂದ ಬ್ಯಾಡ್ರಿ. ದೂರಿಂದ ನೋಡಿದ್ರ ಅವರವರ ಕೀಲಿ ಅವರವರಿಗೆ ಕಾಣತೈತಿ. ಅವರಿಗೆ ಬೇಕಾದ್ದು ಅಷ್ಟ.”

ಮೂವರೂ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ಆದರೆ ಒಂದು ಕೀಲಿಕೈ ಇಟ್ಟು ಹೋಗಿ ಎಂದರೆ ಯಾರಿಗೂ ಧೈರ್ಯವಾಗಲಿಲ್ಲ. ಚಾಚಿ ಒತ್ತಾಯ ಮಾಡಲಿಲ್ಲ.

ಮುಂದಿನ ತಿಂಗಳು ನನಗೆ ಹೆಣ್ಣುಮಗು ಹುಟ್ಟಿತು. ಹೆಸರಿಡುವ ಮೊದಲೇ ಹೊಳೆ ಬಂತು. ಪಂಚಾಯಿತಿಯ ಆಟೋ ಮೈಕಿನಲ್ಲಿ ಕೂಗುತ್ತ ಹೋಯಿತು. ನಮ್ಮ ಮನೆ ಹೊಳೆ ಓಣಿಯಲ್ಲಿ, ಊರಿನ ತಗ್ಗಿನಲ್ಲಿ. ನೀರು ಹಿತ್ತಲಿಗೆ ಬಂದಾಗ ಅವ್ವ ತೊಟ್ಟಿಲು ಬಿಚ್ಚತೊಡಗಿದಳು, ನಾನು ಬಾಣಂತಿ, ಕೂಸನ್ನು ಎದೆಗೆ ಅವಚಿಕೊಂಡು ಹೊರಸಿನ ಮೇಲೆ ಕೂತಿದ್ದೆ. ನನಗೆ ಚಾಚಾ ಕೆಮ್ಮುತ್ತಿದ್ದದ್ದೇ ಕೇಳುತ್ತಿತ್ತು. ಈ ಕೂಸನ್ನು ಆ ಕಟ್ಟೆಯ ಮೇಲೆ ಮಳೆಯಲ್ಲಿ ಹೇಗೆ ಉಳಿಸಿಕೊಳ್ಳಲಿ ಎಂದು ಅಂಜಿದ್ದೆ. ಚಾಚಿ ಮಾತ್ರ ಮೈಕು ಕೇಳಿದ ಕೂಡಲೇ ನಮ್ಮ ಅಣ್ಣನ ಮೋಟರ್ ಸೈಕಲ್ ಹತ್ತಿ ಇಂಡಿಗೆ ಹೋಗಿದ್ದಳು. ಮುಂದಿನದು ಅಣ್ಣ ಹೇಳಿದ್ದು.

ಹಿರಿಯ ಗೌಡರು ಪಡಸಾಲೆಯಲ್ಲೇ ಇದ್ದರು, ಹೆಂಡತಿ ಒಳಬಾಗಿಲಲ್ಲಿ. ಗೌಡರು ಹಳೆಯ ಮಾತನ್ನೇ ತೆಗೆದರು: “ನಾ ಒಬ್ಬನ ಹ್ಯಾಂಗ ತೆಗೀಲಿ? ನಾಳಿ ತಮ್ಮರು ನನ್ನ ಮ್ಯಾಲ ಬರ್ತಾರ.”

ಚಾಚಿ ಜಗಳಾಡಲಿಲ್ಲ. ಒಳಬಾಗಿಲಿನ ಹತ್ತಿರ ಹೋಗಿ ಗೌಡರ ಹೆಂಡತಿಯ ಕೈ ಹಿಡಿದುಕೊಂಡು, ಬಳೆ ಸರಿಪಡಿಸುವವಳಂತೆ ಅಲ್ಲೇ ಕೂತು, ಗೌಡರ ಕಡೆ ತಿರುಗಿ ಕೇಳಿದಳು: “ಅದಿರಲಿ ಗೌಡ್ರ, ನಿಮ್ಮ ಅಜ್ಜಾರ ಕಾಲಕ್ಕ ಹೊಳಿ ಬಂದಾಗ ಮೊದಲ ಯಾರನ್ನ ಒಳಗ ಕರೀತಿದ್ರು?”

ಗೌಡರ ಎದೆ ಅರಳಿತು. ಅಜ್ಜ ಹೇಗೆ ತಾನೇ ಬಾಗಿಲ ಹೊರಗೆ ನಿಲ್ಲುತ್ತಿದ್ದ, ಹೇಗೆ ಬಾಣಂತಿಯರನ್ನೂ ಮುದುಕರನ್ನೂ ಮೊದಲು ಕಳಿಸಿ ಕೊನೆಗೆ ತಾನು ಒಳಗೆ ಬರುತ್ತಿದ್ದ ಎಂದು ಕೈ ಎತ್ತಿ ಎತ್ತಿ ಹೇಳಿದರು. ಹೇಳಿ ಮುಗಿಸಿದಾಗ ಚಾಚಿ ಎದ್ದು ನಿಂತಿದ್ದಳು. “ಹೌದ್ರಿ, ದೊಡ್ಡವರ ರೀತಿ ಅದು. ಬರ್ತೇನ್ರಿ” ಅಂದಳು. ಗೌಡರ ಹೆಂಡತಿಯ ಸೊಂಟ ಬರಿದಾಗಿತ್ತು. ಗೌಡರಿಗೆ ಕಂಡಿತೋ ಇಲ್ಲವೋ. ಕಂಡಿದ್ದರೂ, ಅಷ್ಟು ಹೇಳಿದ ಮೇಲೆ ಯಾವ ಬಾಯಿಂದ ತಿರುಗಿ ಕೇಳುವುದು? ಎಲೆಗೆ ಸುಣ್ಣ ಹಚ್ಚತೊಡಗಿದರಂತೆ.

ಬಾಗಿಲು ತೆರೆಯಿತು. ಮೊದಲು ಒಳಗೆ ಹೋದವಳು ನಾನು, ಕೂಸಿನೊಂದಿಗೆ. ಚಾಚಿ ಕಟ್ಟೆಯ ಮೇಲೆ, ಗಂಡ ಬೆನ್ನು ಕೊಟ್ಟಿದ್ದ ಬಾಗಿಲಿನ ಹಲಗೆಗೆ ಅಂಗೈ ಒತ್ತಿ ನಿಂತಿದ್ದಳು. ಒಂದು ಗಳಿಗೆ ಮಾತ್ರ. ಆಮೇಲೆ ಶುರುವಾಯಿತು ಆಕೆಯ ಬಾಯಿ. “ದನಾ ಅಂಗಳಕ್ಕ ಕಟ್ರಿ. ಮಂದಿ ಎಲ್ಲಾ ಪಡಸಾಲಿಗೆ. ಯಾರ ಯಾವ ಓಣಿ ಅಂತ ಇಲ್ಲಿ ಕೇಳಬ್ಯಾಡ್ರಿ, ಹೊಳಿ ಕೇಳಿ ಬಂದಿಲ್ಲ.” ಗೌಡರ ಸೊಸೆಯರು ಯಾರೂ ಇರಲಿಲ್ಲವಾದ್ದರಿಂದ ಮೊದಲ ಒಲೆಯನ್ನು ಆಕೆಯೇ ಹೊತ್ತಿಸಿದಳು. ಆಕೆ ಹೊತ್ತಿಸಿದ ಒಲೆಯ ಮೇಲೆ ಬೆಂದ ಜೋಳದ ಗಂಜಿಯನ್ನು ಊರಿನ ಎಲ್ಲ ಓಣಿಯವರೂ ಕುಡಿದರು. ಯಾರ ಮಡಿಯೂ ಹೊಳೆಪಾಲಾಗಲಿಲ್ಲ. ನನ್ನ ಮಗಳು ಗೌಡರ ಹಿರಿಯರು ಹುಟ್ಟಿದ ಕೋಣೆಯಲ್ಲಿ, ಒಣ ಕೌದಿಯ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ನೀರು ಇಳಿದ ಮೇಲೆ ಕೆಸರು ತೊಳೆದು, ಅಂಗಳ ಸಾರಿಸಿ, ಬಾಗಿಲು ಹಾಕಿದೆವು. ಇಂಡಿಯ ಕೀಲಿ ಹಾಕುವ ಮುಂಚೆ ಚಾಚಿ ತನ್ನ ಚೀಲದಿಂದ ಹೊಸದೊಂದು ಸಣ್ಣ ಕೀಲಿ ತೆಗೆದಳು. ಇಂಡಿಯಿಂದ ಬರುವಾಗಲೇ ಕೊಂಡು ತಂದಿದ್ದಳಂತೆ. ಇಂಡಿಯವರ ಮತ್ತು ಸಿಂದಗಿಯವರ ಕೀಲಿಗಳ ನಡುವೆ ಅದನ್ನು ಸಿಕ್ಕಿಸಿದಳು.

“ಇದೇನ ಚಾಚಿ?” ಅಂದೆ.

“ಊರಿಂದು.”

ಮುಂದಿನದು ನೆನೆದರೆ ಈಗಲೂ ನಗು ಬರುತ್ತದೆ. ಗೌಡರು ವಾಡೆ ತೆರೆದು ಊರು ಉಳಿಸಿದರು ಎಂದು ಮೂರು ತಾಲೂಕಿನಲ್ಲೂ ಜನ ಹೊಗಳಿದರು. ತೆರೆದವರು ಯಾರೆಂದು ಬಾಯಿಬಿಡದೆ ಮೂವರೂ ಆ ಹೊಗಳಿಕೆಯನ್ನು ಕಣ್ಣು ಮುಚ್ಚಿ ಸವಿದರು. ದೀಪಾವಳಿಗೆ ಒಬ್ಬೊಬ್ಬರಾಗಿ ಬಂದು ಬಾಗಿಲು ನೋಡಿದರು. ನಾಲ್ಕು ಕೀಲಿ! ಸೊಕ್ಕಿಗೆ ಅಣ್ಣ ಎರಡು ಹಾಕಿದ್ದಾನೆ ಎಂದು ತಮ್ಮಂದಿರು ತಿಳಿದರು. ಹೊಟ್ಟೆಕಿಚ್ಚಿಗೆ ತಮ್ಮಂದಿರಲ್ಲಿ ಯಾರೋ ಎರಡು ಹಾಕಿದ್ದಾರೆ ಎಂದು ಅಣ್ಣ ತಿಳಿದರು. ಕೇಳಿದರೆ ಗೊತ್ತಾಗುತ್ತಿತ್ತು, ಆದರೆ ಕೇಳಲು ಮಾತು ಬೇಕಲ್ಲ. ಮೂವರ ಹೆಂಡಂದಿರಿಗೂ ಗೊತ್ತಿತ್ತು. ಅವರು ಪ್ರತಿ ಪಂಚಮಿಗೆ ಬಂದು ಜೋಕಾ‌ಲಿ ಆಡಿ ಹೋಗುತ್ತಿದ್ದರು, ತವರಿಗೆಂದು ಹೇಳಿ.

ಹೋದ ವರ್ಷ ಬೇಸಿಗೆಯ ಕೊನೆಗೆ ಚಾಚಿಗೆ ಹುಷಾರಿಲ್ಲ ಎಂದು ಅಣ್ಣ ಫೋನ್ ಮಾಡಿದ. ಮಗಳನ್ನು ಕರೆದುಕೊಂಡು ಹೋದೆ. ಚಾಚಿ ಹೊರಸಿನ ಮೇಲೆ ಒಣಗಿದ ಕಡ್ಡಿಯಾಗಿದ್ದಳು. ಆದರೂ ಎದ್ದು ಕೂತು ನನ್ನ ಮಗಳಿಗೆ ಚಿಕ್ಕ ಬಳೆ ತೊಡಿಸಿದಳು. ಆಗಲೂ ಬಳೆ ಒಡೆಯಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡಳು.

“ಬಾಗೇವಾಡ್ಯಾಗ ಮಳಿ ಆತೇನವ್ವ?”

“ಇನ್ನೂ ಇಲ್ಲ ಚಾಚಿ, ಮ್ವಾಡ ಅಷ್ಟ ಅದಾವು” ಎನ್ನುವಷ್ಟರಲ್ಲಿ ನನ್ನ ಅಂಗೈಯಲ್ಲಿ ಏನೋ ತಣ್ಣಗೆ ತಾಗಿತು. ಎರಡು ಕೀಲಿಕೈಗಳ ಒಂದು ಗೊಂಚಲು. ಇಷ್ಟು ವರ್ಷ ನೋಡಿಯೂ ನಾನು ಆಕೆಯ ಪ್ರಶ್ನೆಗೆ ಮರುಳಾಗಿದ್ದೆ.

“ಒಂದು ನಿಮ್ಮ ಅವ್ವನ ಕಡೆ ಇರಲಿ, ಒಂದು ನಿನ್ನ ಕಡೆ” ಅಂದಳು. “ವರ್ಷಕ್ಕೊಮ್ಮಿ ಬಂದು ಎಣ್ಣಿ ಬಿಡು. ತುಕ್ಕ ಹಿಡದ್ರ ಕೀಲಿಕೈ ಇದ್ದೂ ಇಲ್ಲದಂಗ.”

ನಾನು ಅತ್ತುಬಿಟ್ಟೆ. ಆಕೆ ಬೈದಳು: “ಅಳಾಕ ಏನಾಗೈತಿ? ಎಣ್ಣಿ ಬಿಡು ಅಂದ್ರ ಅಳ್ತಾಳ ನೋಡು.” ಅದಾದ ಮೇಲೆ ಹೆಚ್ಚು ದಿನ ಇರಲಿಲ್ಲ.

ಆಕೆಯನ್ನು ಒಯ್ಯುವಾಗ ವಾಡೆಯ ಮುಂದಿನಿಂದಲೇ ಒಯ್ದರು. ಹೆಣ ಹೋಗುವಾಗ ಬಾಗಿಲು ಮುಚ್ಚುವುದು ನಮ್ಮೂರ ರೂಢಿ. ಅವತ್ತು ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ವಾಡೆಯ ದೊಡ್ಡ ಬಾಗಿಲೊಂದು ಮಾತ್ರ ಪೂರ್ತಿ ತೆರೆದಿತ್ತು, ಹೊಸ್ತಿಲ ಮೇಲೆ ಮೂವರು ಓರಗಿತ್ತಿಯರು ಕೈಮುಗಿದು ನಿಂತಿದ್ದರು.

ಇದನ್ನು ಬರೆದು ಗುಟ್ಟು ರಟ್ಟು ಮಾಡಿದೆ ಎಂದು ನೀವು ಅನ್ನಬಹುದು. ಆಗಲಿ. ಮೂವರು ಗೌಡರೂ ಓದಲಿ. ಚಾಚಿಯ ಕೀಲಿಯನ್ನು ಕಳಚಬೇಕೆಂದರೆ ಅದರ ಎಡಬಲದ ಎರಡೂ ಕೀಲಿ ತೆಗೆಯಬೇಕು. ಎಂದರೆ ಇಂಡಿಯವರೂ ಸಿಂದಗಿಯವರೂ ಕೂಡಿ ಬರಬೇಕು. ಅಣ್ಣತಮ್ಮಂದಿರು ಕೂಡಿ ಆ ಬಾಗಿಲಿಗೆ ಬಂದರೆ ಚಾಚಿಗೆ ಇನ್ನೇನು ಬೇಕಿತ್ತು?

ಈ ವರ್ಷ ಜೂನಿನ ಮಿರಗದ ಮಳೆಗೆ ಮೊದಲು ಕುಸುಬೆ ಎಣ್ಣೆಯ ಶೀಶೆ ತೆಗೆದುಕೊಂಡು ಹೋಗಿದ್ದೆ. ಮಗಳು ಎಣ್ಣೆ ಬಿಟ್ಟಳು, ಅರ್ಧ ಅವಳ ಲಂಗಕ್ಕೆ ಹೋಯಿತು. ಕೀಲಿಕೈ ಹಾಕಿ ತಿರುಗಿಸಿದೆ. ಮೊದಲ ತಿರುವಿಗೇ ತೆರೆಯಿತು. ಮತ್ತೆ ಸಿಕ್ಕಿಸಿ, ಎಳೆದು ನೋಡಿ, ಬಸ್ಸಿಗೆ ಬಂದೆವು.